ರಬ್ಬರ್ ತಂತಿಗೆ ಪೌಡರ್

ಇವತ್ತು ಮಧ್ಯಾಹ್ನ ಕಲಬುರಗಿ ಬಿಸಿಲಿಗೆ ಬೆವರಿದ ಬೆರಳು ಯು-ಬಾಸ್ (ಉಕುಲೇಲೆಯಂಥ ಸಣ್ಣ ಬಾಸ್ ಗಿಟಾರ್) ತಂತಿಗೆ ಅಂಟಿಕೊಂಡೇ ಬಿಡ್ತು. ಬೆರಳ ತುದಿಗೆ ಚಿಟಿಕಿ ಟಾಲ್ಕಮ್ ಪೌಡರ್ ಹಚ್ಚಿದ ಮ್ಯಾಲೆ ಸರಾಗ.

ರಬ್ಬರಿನಂಥ ಈ ತಂತಿ ಪಾಲಿಯುರೆಥೇನ್‌ದು. ಸಾದಾ ಬಾಸ್ ಗಿಟಾರ್ ಸ್ಕೇಲ್ (ತಂತಿಯ ಮಿಡಿಯೋ ಉದ್ದ) 34 ಇಂಚು, ಇದರದು ಸುಮಾರು 21. ಆದ್ರೂ ದಪ್ಪ ತಂತಿ 41 ಹರ್ಟ್ಜ್‌ನ ಇ ಸ್ವರಕ್ಕೇ ಇಳೀತದ. ನನಗ ಇದು ಇನ್ನೂ ಬೆರಗು.

ಹೊಸ ತಂತಿ ಹಾಕಿದವರು ಕೆಲವು ದಿನ ತಾಳ್ಮಿ ಇಟ್ಕೋರಿ. ತಂತಿ ಹಿಗ್ಗಕೋತ ಇರ್ತದ, ಸ್ವರ ಇಳಕೋತ ಇರ್ತದ. ಸ್ವರ ಹೊಂದಿಸೋ ಕೀಲಿಗೆ ಸುತ್ತೋ ಮೊದಲು ಕೈಲೇ ಚೆನ್ನಾಗಿ ಎಳೀರಿ. ಸಡಿಲ ಬಿಟ್ರ ಸುತ್ತು ಹೆಚ್ಚಾಗಿ ಒಂದರ ಮ್ಯಾಲೊಂದು ಕೂಡ್ತದ, ಕೀಲಿ ಬಿಗಿ ಹಿಡೀತದ.

ಇನ್ನ ಪಿಕಪ್, ಅಂದ್ರ ತಂತಿ ನಡುಕಾನ ವಿದ್ಯುತ್ ಸಂಕೇತ ಮಾಡೋ ಭಾಗ. ಈ ತಂತಿಯೊಳಗ ಕಬ್ಬಿಣ ಇಲ್ಲ, ಆಯಸ್ಕಾಂತದ ಪಿಕಪ್‌ಗೆ ಇದು ಕೇಳೋದೇ ಇಲ್ಲ. ಸ್ಯಾಡಲ್ (ತಂತಿ ಕೂಡೋ ಪಟ್ಟಿ) ಕೆಳಗ ನಡುಕದ ಒತ್ತಡ ಹಿಡಿಯೋ ಪೀಜೋ ಪಿಕಪ್ಪೇ ಬೇಕು. ಪ್ರಿಆಂಪ್ (ಪಿಕಪ್ ಸಂಕೇತಾನ ಆಂಪ್‌ಗೆ ಹೊಂದಿಸೋ ಸರ್ಕೀಟ್) ತೆಗೆದು ನೇರ ಆಂಪ್‌ಗೆ ಕೊಡೋರು 1 ಮೆಗಾ ಓಮ್‌ಗಿಂತ ಕಡಿಮಿ ಇರೋ ಇನ್‌ಪುಟ್‌ಗೆ ಹಚ್ಚಬ್ಯಾಡ್ರಿ. ಪೀಜೋ ಕೆಪಾಸಿಟರ್ ಇದ್ದಂಗ. ಇನ್‌ಪುಟ್ ಇಂಪೀಡನ್ಸ್ (ವಿದ್ಯುತ್ತಿಗೆ ಒಡ್ಡೋ ತಡೆ) ಕಡಿಮಿ ಆದ್ರ ಮೊದಲು ಹೋಗೋದು ತಳದ ಸ್ವರಾನೇ. ಬಾಸ್‌ನ್ಯಾಗ ಅದೇ ಹೋದ್ರ ಉಳಿಯೋದೇನು?

ಒಂದೇ ತಂತಿ ಸಣ್ಣ ಕೇಳಿದ್ರ ಲಗೂನ ತಂತಿ ಬದಲಿಸಬ್ಯಾಡ್ರಿ. ಸ್ಯಾಡಲ್ ತಳ ಪೀಜೋ ಮ್ಯಾಲೆ ಸಪಾಟಾಗಿ ಕೂತದೇನು ನೋಡ್ರಿ.