ತಿರುವು ಮುಗಿದ ಮೇಲೆ ನಿಲ್ಲುತ್ತಿದ್ದ ಎಂಜಿನ್

ಕಳೆದ ಭಾನುವಾರ ಕೊಯಮತ್ತೂರಿನ ಕರಿ ಮೋಟರ್ ಸ್ಪೀಡ್‌ವೇಯಲ್ಲಿ ನಾವೇ ಕಟ್ಟಿದ ರೇಸ್ ಕಾರು 26 ಸುತ್ತು ಓಡಿತು, ಒಂದು ಸಲವೂ ಮುಗ್ಗರಿಸಲಿಲ್ಲ. ಫೆಬ್ರವರಿಯಲ್ಲಿ ಇದೇ ಟ್ರ್ಯಾಕಿನಲ್ಲಿ ಆರನೆಯ ಸುತ್ತಿಗೇ ಎಂಜಿನ್ ಉಸಿರು ಕಟ್ಟಿದಂತೆ ನಿಂತು, ಕಾರನ್ನು ತಳ್ಳಿಕೊಂಡು ಪಿಟ್ಟಿಗೆ ತಂದಿದ್ದೆವು. ಆ ಎರಡು ದಿನಗಳ ನಡುವಿನ ಮೂರು ತಿಂಗಳು ನಾವು ಬೆನ್ನು ಹತ್ತಿದ್ದು ಒಂದೇ ದೋಷವನ್ನು. ಚಾಸಿಯ ಕೊಳವೆ ಬಾಗಿಸಿದ್ದು, ಸಬ್‌ಫ್ರೇಮನ್ನು ಚಾಲಕನ ಬೆನ್ನ ಹಿಂದೆ ಕೂರಿಸಿದ್ದು, ಗೇರ್ ಲಿವರಿನ ಕೊಂಡಿಗಳು, ಇವೆಲ್ಲ ಈ ಹವ್ಯಾಸದವರಿಗೆ ಗೊತ್ತಿರುವ ಕೆಲಸಗಳಾದ್ದರಿಂದ ಇಲ್ಲಿ ಆ ದೋಷದ ವಿಷಯವನ್ನಷ್ಟೇ ಬರೆಯುತ್ತೇನೆ.

ಕಾರಿನ ಜೀವಾಳ ಹಳೆಯ ಮಾರುತಿ 800ರ ಎಫ್8ಬಿ ಎಂಜಿನ್: ಮೂರು ಸಿಲಿಂಡರ್, 796 ಸಿಸಿ, ಗಾಳಿಗೆ ಪೆಟ್ರೋಲ್ ಬೆರೆಸಲು ಕಾರ್ಬುರೇಟರ್. ಎಸ್. ಕರಿವರ್ಧನ್ ಅವರು 1980ರ ದಶಕದ ಕೊನೆಯಲ್ಲಿ ಫಾರ್ಮುಲಾ ಮಾರುತಿ ಎಂಬ ಒಂಟಿ ಸೀಟಿನ ರೇಸ್ ಕಾರುಗಳನ್ನು ಕಟ್ಟಿದ್ದು ಇದೇ 800ರ ಎಂಜಿನ್ ಇಟ್ಟುಕೊಂಡು. ಅವರ ಹೆಸರನ್ನೇ ಹೊತ್ತ 2.1 ಕಿಲೋಮೀಟರಿನ ಟ್ರ್ಯಾಕಿನಲ್ಲಿ ಮಡಿಕೇರಿಯ ಶೆಡ್ಡೊಂದರಲ್ಲಿ ಕಟ್ಟಿದ ಅದೇ ಜಾತಿಯ ಕಾರನ್ನು ಓಡಿಸಬೇಕೆಂಬುದು ನಮ್ಮ ಬಹುದಿನದ ಆಸೆಯಾಗಿತ್ತು.

ಈಗ ದೋಷದ ಲಕ್ಷಣ. ಮೊದಲ ಐದು ಸುತ್ತು ಕಾರು ಚೆನ್ನಾಗಿಯೇ ಓಡುತ್ತಿತ್ತು. ಆಮೇಲೆ ಉದ್ದನೆಯ ಬಲತಿರುವನ್ನು ಮುಗಿಸಿ, ಸ್ಟಿಯರಿಂಗ್ ನೇರವಾಗಿ, ಆಕ್ಸಿಲರೇಟರ್ ಪೂರ್ತಿ ಒತ್ತಿದ ಮೂರ್ನಾಲ್ಕು ಸೆಕೆಂಡಿಗೆ ಎಂಜಿನ್ ಮುಗ್ಗರಿಸುತ್ತಿತ್ತು. ತಿರುವಿನ ಒಳಗೆ ಏನೂ ಆಗುತ್ತಿರಲಿಲ್ಲ. ಚಾಲನೆ ಮಾಡುತ್ತಿದ್ದ ಚಿಕ್ಕಪ್ಪನ ಮಗ ಪಿಟ್ಟಿಗೆ ಬಂದು ಹೇಳಿದ್ದೂ ಇದನ್ನೇ: "ತಿರುವಲ್ಲಿ ಏನೂ ತೊಂದರೆ ಇಲ್ಲ ಅಣ್ಣ, ನೇರ ದಾರಿಯಲ್ಲಿ ಜೋರಾಗಿ ಎಳೆಯುವಾಗ ಕಟ್ ಆಗ್ತದೆ." ನೇರ ದಾರಿಯಲ್ಲಿ, ಹೆಚ್ಚಿನ ಆರ್‌ಪಿಎಂನಲ್ಲಿ ಕಟ್ ಆಗುವುದೆಂದರೆ ಯಾರಿಗಾದರೂ ಮೊದಲು ಹೊಳೆಯುವುದು ಕಿಡಿಯ ದೋಷ. ಹಾಗಾಗಿ ಕಾಯಿಲ್ ಬದಲಾಯಿಸಿದೆವು. ಡಿಸ್ಟ್ರಿಬ್ಯೂಟರಿನ ಮುಚ್ಚಳ, ರೋಟರ್, ಪ್ಲಗ್ ವೈರುಗಳನ್ನು ಹೊಸದಾಗಿ ಹಾಕಿದೆವು. ದೋಷ ಒಂದಿಷ್ಟೂ ಕದಲಲಿಲ್ಲ.

ಎರಡನೆಯ ಸಂಶಯ ನಮ್ಮ ಊರಿನ ಎತ್ತರದ ಮೇಲೆ ಹೋಯಿತು. ಇದು ಕೊಡಗಿನಲ್ಲಿ ಕಾರು ಕಟ್ಟುವವರೆಲ್ಲ ತಿಳಿದಿರಬೇಕಾದ ಸಂಗತಿಯಾದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ, ಕೊಯಮತ್ತೂರು ಸುಮಾರು 400 ಮೀಟರ್. ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗುತ್ತದೆ, ಆದರೆ ಕಾರ್ಬುರೇಟರು ಅದಕ್ಕೆ ತಕ್ಕಷ್ಟು ಪೆಟ್ರೋಲನ್ನು ಕಡಿಮೆ ಮಾಡುವುದಿಲ್ಲ. ಆದ್ದರಿಂದ ನಮ್ಮ ಶೆಡ್ಡಿನಲ್ಲಿ ಹದವಾಗಿದ್ದ ಮಿಶ್ರಣ ಬಯಲಿಗೆ ಇಳಿದಾಗ ಪೆಟ್ರೋಲ್ ಸಾಲದ ಮಿಶ್ರಣವಾಗುತ್ತದೆ. ಇದರ ಮೇಲೆ 2023ರಿಂದ ಬಂಕುಗಳಿಗೆ ಬರತೊಡಗಿದ, ಶೇ. 20ರಷ್ಟು ಎಥನಾಲ್ ಬೆರೆತ ಪೆಟ್ರೋಲಿನ ಲೆಕ್ಕವೂ ಸೇರುತ್ತದೆ. ಒಂದು ಕಿಲೋ ಶುದ್ಧ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕಾದರೆ ಒಂದು ಕಿಲೋ ಎಥನಾಲಿಗೆ 9 ಕಿಲೋ ಸಾಕು. ಅಂದರೆ ಅಷ್ಟೇ ಗಾಳಿಗೆ ಈಗಿನ ಇಂಧನವನ್ನು ಮೊದಲಿಗಿಂತ ಹೆಚ್ಚು ಕೊಡಬೇಕು, ಹಳೆಯ ಜೆಟ್ಟು, ಅಂದರೆ ಕಾರ್ಬುರೇಟರಿನೊಳಗೆ ಪೆಟ್ರೋಲನ್ನು ಅಳೆದು ಬಿಡುವ ಸಣ್ಣ ರಂಧ್ರದ ಬಿಡಿಭಾಗ, ಕೊಡುವುದು ಮಾತ್ರ ಹಳೆಯ ಅಳತೆಯನ್ನೇ. ಮಡಿಕೇರಿಯ ತೆಳುಗಾಳಿ ಈ ಕೊರತೆಯನ್ನು ಒಂದಷ್ಟು ಮುಚ್ಚಿಡುತ್ತಿತ್ತು, ಘಟ್ಟ ಇಳಿದ ಕೂಡಲೇ ಅದು ಬಯಲಾಯಿತು. ಪ್ಲಗ್ ಬಿಚ್ಚಿ ನೋಡಿದರೆ ತುದಿ ಸುಣ್ಣದಂತೆ ಬೆಳ್ಳಗಿತ್ತು, ಪೆಟ್ರೋಲ್ ಸಾಲದೆಂಬುದಕ್ಕೆ ಅದೇ ಗುರುತು. ಮುಖ್ಯ ಜೆಟ್ಟನ್ನು ಒಂದು ಅಳತೆ ದೊಡ್ಡದಾಗಿಸಿದ ಮೇಲೆ ಬಣ್ಣ ಆಗಷ್ಟೇ ಹುರಿಯತೊಡಗಿದ ಕಾಫಿ ಬೀಜದ ಕಂದಿಗೆ ಬಂತು, ಎಂಜಿನ್ನಿನ ಎಳೆತವೂ ಸುಧಾರಿಸಿತು.

ಜೆಟ್ ತರಿಸಿದ ಕಥೆಯನ್ನು ಹೇಳದೆ ಮುಂದೆ ಹೋಗಲಾರೆ. ಅಂಚೆಯಲ್ಲಿ ಬಂದ ನಾಲ್ಕು ಜೆಟ್ಟುಗಳ ಮೇಲೆ ನಾಲ್ಕು ಬೇರೆ ಬೇರೆ ಸಂಖ್ಯೆಗಳಿದ್ದವು; ತಂತಿ ತೂರಿಸಿ ಅಳೆದಾಗ ಎರಡರ ರಂಧ್ರ ಒಂದೇ ಅಳತೆಯದಾಗಿತ್ತು. ಮಾರಿದವರು ಹಣ ಹಿಂದಿರುಗಿಸಿದರು ನಿಜ, ಆದರೆ ತಪ್ಪು ಸಂಖ್ಯೆಯನ್ನು ನಂಬಿ ನಾವು ಕಳೆದ ಎರಡು ವಾರವನ್ನು ಯಾರೂ ಹಿಂದಿರುಗಿಸಲಾರರು. ಜೆಟ್ ತರಿಸುವವರು ಅಳೆಯದೆ ಹಾಕಬೇಡಿ. ಇನ್ನೊಂದು ಅಂಗಡಿಯವರು ಎಥನಾಲಿಗೆ ಜಗ್ಗುವುದಿಲ್ಲವೆಂದು ಹೇಳಿ ಕೊಟ್ಟ ಪೆಟ್ರೋಲ್ ಹೋಸ್ ಮೂರೇ ವಾರದಲ್ಲಿ ಊದಿಕೊಂಡಿತು; ಸೀಳಿ ನೋಡಿದರೆ ಒಳಪದರ ನೆನೆದ ರಟ್ಟಿನಂತೆ ಏಳುತ್ತಿತ್ತು. ಹಿಂಭಾಗದಲ್ಲಿ ಬಿಸಿ ಎಂಜಿನ್ ಇರುವ ಕಾರಿಗೆ ಇಂಥದನ್ನು ಮಾರುವುದು ಸಣ್ಣ ತಪ್ಪಲ್ಲ.

ಮಿಶ್ರಣ ಸರಿಯಾದರೂ ದೋಷ ಹಾಗೆಯೇ ಉಳಿಯಿತು. ದಾರಿ ತೋರಿದವರು ಚಿಕ್ಕಪ್ಪ. ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟಿದ್ದರಿಂದ ಅವರು ರೊಬಸ್ಟಾ ತೋಟಕ್ಕೆ ಸ್ಪ್ರಿಂಕ್ಲರ್ ಹಾಯಿಸುತ್ತಿದ್ದ ದಿನಗಳವು. ಕೆರೆಯ ಬದಿಯಲ್ಲಿ ಪಂಪ್‌ಸೆಟ್ಟಿನ ಪಕ್ಕ ನಿಂತು ನಮ್ಮ ಗೋಳನ್ನೆಲ್ಲ ಕೇಳಿದ ಅವರು ಒಂದೇ ಪ್ರಶ್ನೆ ಹಾಕಿದರು: "ಟ್ಯಾಂಕ್ ತುಂಬಾ ಪೆಟ್ರೋಲ್ ಇದ್ದಾಗ ಹೀಗೆ ಆಗ್ತದಾ?"

ಆಗುತ್ತಿರಲಿಲ್ಲ. ಮೊದಲ ಐದು ಸುತ್ತು ಕಾರು ಚೆನ್ನಾಗಿ ಓಡುತ್ತಿದ್ದುದನ್ನು ನಾವು ಎಂಜಿನ್ ಕಾಯುವುದಕ್ಕೆ ಹೊಂದಿಸಿ ನೋಡಿದ್ದೆವೇ ಹೊರತು ಪೆಟ್ರೋಲ್ ಇಳಿಯುವುದಕ್ಕೆ ಹೊಂದಿಸಿರಲಿಲ್ಲ.

"ಹಾಗಾದರೆ ನಿನ್ನ ಪಂಪು ಗಾಳಿ ಎಳೀತದೆ ಮಾರಾಯ," ಎಂದರು. "ಕೆರೆಯಲ್ಲಿ ನೀರು ಇಳಿದು ಫುಟ್‌ವಾಲ್ವ್ ಮೇಲೆ ಬಂದರೆ ಇದೂ ಹಾಗೇ. ಅದೇ ಕ್ಷಣಕ್ಕೆ ನಿಲ್ಲುವುದಿಲ್ಲ, ಪೈಪಿನಲ್ಲಿರುವುದು ಮುಗಿಯಬೇಕು. ಆಮೇಲೆ ವಾಲ್ವನ್ನು ನೀರೊಳಗೆ ಇಳಿಸಿದರೂ ಗಾಳಿ ಹೋಗುವವರೆಗೆ ನೀರು ಬರುವುದಿಲ್ಲ."

ಅಂದು ರಾತ್ರಿ ಕಾಗದ ಹಿಡಿದು ಕುಳಿತೆ. ಗುರುತ್ವಕೇಂದ್ರ ನೆಲಕ್ಕೆ ಹತ್ತಿರವಿರಲೆಂದು ಟ್ಯಾಂಕನ್ನು ಚಪ್ಪಟೆಯಾಗಿ ಮಾಡಿದ್ದೆವು: ಅಗಲ 60 ಸೆಂಟಿಮೀಟರ್, ಉದ್ದ 30, ಎತ್ತರ ಕೇವಲ 8, ಪೆಟ್ರೋಲ್ ಎಳೆಯುವ ಕೊಳವೆ ತಳದ ನಟ್ಟನಡುವೆ. ಕಾರು ತಿರುವಿನಲ್ಲಿ 0.85 ಜಿ, ಅಂದರೆ ಗುರುತ್ವದ 0.85 ಪಟ್ಟು, ಬಲವನ್ನು ಪಕ್ಕಕ್ಕೆ ಅನುಭವಿಸುವಾಗ ಟ್ಯಾಂಕಿನೊಳಗಿನ ಪೆಟ್ರೋಲಿನ ಮೇಲ್ಮೈ ಸುಮಾರು 40 ಡಿಗ್ರಿ ಓರೆಯಾಗಿ ಹೊರಗೋಡೆಗೆ ಒತ್ತಿಕೊಳ್ಳುತ್ತದೆ. ಆ ಓರೆ ಗೆರೆಯನ್ನು ಎಳೆದು ಲೆಕ್ಕ ಮಾಡಿದರೆ, ಟ್ಯಾಂಕಿನಲ್ಲಿ ಹತ್ತಿರಹತ್ತಿರ 6 ಲೀಟರಿಗಿಂತ ಕಡಿಮೆ ಇದ್ದಾಗಲೆಲ್ಲ ನಡುವಿನ ಕೊಳವೆಯ ಬಾಯಿ ಒಣಗುತ್ತದೆ. ನಾವು ಪ್ರತಿ ಸಲ 7 ಲೀಟರ್ ಹಾಕಿಕೊಂಡು ಹೊರಡುತ್ತಿದ್ದೆವು, ಸುತ್ತಿಗೆ ಸುಮಾರು 200 ಮಿಲಿಲೀಟರ್ ಖರ್ಚಾಗುತ್ತಿತ್ತು. ಐದು ಸುತ್ತಿಗೆ ಒಂದು ಲೀಟರ್ ಮುಗಿದು ಆರನೆಯ ಸುತ್ತಿಗೆ ದೋಷ ಎದ್ದು ನಿಲ್ಲುತ್ತಿದ್ದುದಕ್ಕೆ ಬೇರೆ ವಿವರಣೆ ಬೇಕಿರಲಿಲ್ಲ.

ತಿರುವು ಮುಗಿದ ಮೇಲೆಯೇ ಏಕೆ ಎಂಬುದಕ್ಕೂ ಉತ್ತರ ಸಿಕ್ಕಿತು. ಕೊಳವೆ ಒಣಗಿದರೂ ಕಾರ್ಬುರೇಟರಿನ ಫ್ಲೋಟ್ ಬೌಲ್ ಎಂಬ ಪುಟ್ಟ ಬಟ್ಟಲಿನಲ್ಲಿ ಒಂದಿಷ್ಟು ಪೆಟ್ರೋಲ್ ಉಳಿದಿರುತ್ತದೆ. ನಮ್ಮದರಲ್ಲಿ ಬಗ್ಗಿಸಿ ಅಳೆದಾಗ 35 ಮಿಲಿಲೀಟರ್ ಬಂತು. ಪೂರ್ತಿ ಎಳೆಯುವಾಗ ಈ ಎಂಜಿನ್ ಸೆಕೆಂಡಿಗೆ 3 ಮಿಲಿಲೀಟರಿನಷ್ಟು ಕುಡಿಯುತ್ತದೆ. ಅಂದರೆ ಹತ್ತು ಹನ್ನೊಂದು ಸೆಕೆಂಡಿನ ಸಾಲ. ತಿರುವಿನುದ್ದಕ್ಕೂ ಎಂಜಿನ್ ಆ ಸಾಲದಲ್ಲೇ ಬದುಕಿ, ನೇರ ದಾರಿಗೆ ಬಂದು ನಿಜವಾಗಿ ಬಲ ಕೇಳಿದಾಗ ಬೌಲ್ ಖಾಲಿಯಾಗುತ್ತಿತ್ತು. ಆ ಹೊತ್ತಿಗೆ ಹೋಸಿನಲ್ಲಿ ತುಂಬಿದ ಗಾಳಿಯನ್ನು ಪಂಪು ಇನ್ನೂ ತಳ್ಳುತ್ತಲೇ ಇರುತ್ತಿತ್ತು.

ಲೆಕ್ಕ ಎಷ್ಟು ಚೆನ್ನಾಗಿದ್ದರೂ ಕಣ್ಣಾರೆ ಕಾಣಬೇಕಿತ್ತು. ಅದಕ್ಕಾಗಿ ಮತ್ತೆ ಕೊಯಮತ್ತೂರಿಗೆ ಹೋಗುವುದೆಂದರೆ ಕಾರನ್ನು ಪಿಕಪ್‌ಗೆ ಏರಿಸಿ, ಮೈಸೂರು, ಚಾಮರಾಜನಗರ ದಾಟಿ, ದಿಂಬಂ ಘಾಟಿಯ 27 ತಿರುವುಗಳನ್ನು ಹಗಲಿನಲ್ಲೇ ಇಳಿಯಬೇಕು. ಅದರ ಬದಲು ಚಿಕ್ಕಪ್ಪನ ಕಾಫಿ ಕಣವನ್ನು ಕೇಳಿಕೊಂಡೆವು. ಕೊಯ್ಲು ಮುಗಿದು, ಕೊನೆಯ ರೊಬಸ್ಟಾ ಹಣ್ಣು ಒಣಗಿ ಚೀಲ ಸೇರಿದ ಮೇಲೆ ಕಣ ಖಾಲಿಯಾಗಿತ್ತು. ಕಾಂಕ್ರೀಟಿನ ಮೇಲೆ ಉಳಿದಿದ್ದ ಸಿಪ್ಪೆಯ ಪುಡಿ ಟಯರಿನಡಿಯಲ್ಲಿ ರಾಗಿಯಂತೆ ಉರುಳುತ್ತದೆಂದು ಮೊದಲು ಗುಡಿಸಿ ನೀರು ಹೊಡೆದೆವು. ನಡುವೆ ಒಂದು ಗೂಟ ನಿಲ್ಲಿಸಿ, ಹಗ್ಗ ಕಟ್ಟಿ, ಸೀಮೆಸುಣ್ಣದಲ್ಲಿ 12 ಮೀಟರ್ ತ್ರಿಜ್ಯದ ವೃತ್ತ ಬರೆದೆವು. ಆ ವೃತ್ತದ ಮೇಲೆ ಗಂಟೆಗೆ 36 ಕಿಲೋಮೀಟರ್ ವೇಗದಲ್ಲಿ, ಅಂದರೆ ಸುತ್ತಿಗೆ ಏಳೂವರೆ ಸೆಕೆಂಡಿನಂತೆ ಸುತ್ತಿದರೆ ಸರಿಯಾಗಿ 0.85 ಜಿ ಸಿಗುತ್ತದೆ. ಟ್ರ್ಯಾಕಿನ ತಿರುವು ಆರೇಳು ಸೆಕೆಂಡಿಗೆ ಮುಗಿಯುತ್ತದೆ, ಕಣದ ತಿರುವಿಗೆ ಕೊನೆಯೇ ಇಲ್ಲ. ಪರೀಕ್ಷೆಗೆ ಇದಕ್ಕಿಂತ ಒಳ್ಳೆಯ ಜಾಗ ಇನ್ನೊಂದಿಲ್ಲ.

ಕಾರ್ಬುರೇಟರಿಗೆ ಹೋಗುವ ಹೋಸಿನ ನಡುವೆ ಒಂದು ಗೇಣು ಪಾರದರ್ಶಕ ನಳಿಕೆ ಸೇರಿಸಿ, ಅದರೆದುರು ರೋಲ್ ಬಾರಿಗೆ ಮೊಬೈಲ್ ಕಟ್ಟಿದೆವು; ಬೆಂಕಿ ಆರಿಸುವ ಸಿಲಿಂಡರ್ ಹಿಡಿದು ನಾನು ವೃತ್ತದ ಹೊರಗೆ ನಿಂತೆ. ಟ್ಯಾಂಕಿನಲ್ಲಿ ಬೇಕೆಂದೇ 4 ಲೀಟರ್ ಮಾತ್ರ ಇಟ್ಟಿದ್ದೆವು. ಆಮೇಲೆ ವಿಡಿಯೊ ನೋಡಿದಾಗ, ಐದು ಸೆಕೆಂಡಿನವರೆಗೆ ನಳಿಕೆಯಲ್ಲಿ ತಿಳಿ ಜೇನಿನ ಬಣ್ಣದ ಪೆಟ್ರೋಲ್ ಅಲುಗಾಡದೆ ನಿಂತಂತೆ ಕಾಣುತ್ತಿತ್ತು. ಆರನೆಯ ಸೆಕೆಂಡಿಗೆ ಸಾಸಿವೆ ಗಾತ್ರದ ಒಂದು ಗುಳ್ಳೆ ಬಂತು, ಅದರ ಹಿಂದೆ ಇನ್ನೊಂದು, ಮತ್ತೆ ನಾಲ್ಕೈದು ಒಟ್ಟಿಗೆ. ಹತ್ತನೆಯ ಸೆಕೆಂಡಿಗೆ ನಳಿಕೆಯಲ್ಲಿ ಇದ್ದದ್ದು ಬರೀ ನೊರೆ. ಎಂಜಿನ್ ಮಾತ್ರ ಏನೂ ಆಗದಂತೆ ಓಡುತ್ತಲೇ ಇತ್ತು. ಅದು ಮುಗ್ಗರಿಸಿದ್ದು ಇಪ್ಪತ್ತೊಂದನೆಯ ಸೆಕೆಂಡಿಗೆ. ಆ ವಿಡಿಯೊವನ್ನು ಎಷ್ಟು ಸಲ ನೋಡಿದೆನೋ ಲೆಕ್ಕವಿಲ್ಲ. ಮೂರು ತಿಂಗಳು ಕಾಡಿದ್ದು ಒಂದು ಸಾಸಿವೆ ಕಾಳಿನಷ್ಟು ಗಾಳಿಯ ರೂಪದಲ್ಲಿ ಕಣ್ಣೆದುರು ನಿಂತಿತ್ತು.

ಮೊದಲ ಪರಿಹಾರ ಅರ್ಧಕ್ಕೇ ನಿಂತಿತು. ಟ್ಯಾಂಕಿನೊಳಗೆ ತೂತುಗಳಿರುವ ಅಡ್ಡಗೋಡೆಗಳನ್ನು ಕೂರಿಸುವುದು ಎಲ್ಲರೂ ಮಾಡುವ ಕೆಲಸ. ಪೆಟ್ರೋಲ್ ಕಂಡ ಟ್ಯಾಂಕಿಗೆ ಬೆಸುಗೆ ಹಾಕುವುದು ಜೀವಕ್ಕೆ ಅಪಾಯವಾದ್ದರಿಂದ ಹೊಸ ತಗಡಿನಲ್ಲಿ ಇನ್ನೊಂದು ಟ್ಯಾಂಕನ್ನೇ ಮಾಡಿದೆವು. ಕಣದಲ್ಲಿ ಸುತ್ತಿದಾಗ ಮೊದಲ ಗುಳ್ಳೆ ಆರನೆಯ ಸೆಕೆಂಡಿನ ಬದಲು ಒಂಬತ್ತನೆಯದಕ್ಕೆ ಬಂತು, ಅಷ್ಟೇ ಲಾಭ. ಗದ್ದೆಯ ಬದುವಿಗೆ ಕಂಡಿ ಬಿಟ್ಟರೆ ನೀರು ನಿಧಾನವಾಗಿಯಾದರೂ ಕೆಳಗಿನ ಗದ್ದೆಗೆ ಇಳಿದೇ ಇಳಿಯುತ್ತದೆ. ಅಡ್ಡಗೋಡೆಗಳು ಪೆಟ್ರೋಲಿನ ಹೊಯ್ದಾಟವನ್ನು ತಡೆಯುತ್ತವೆ, ದೀರ್ಘ ತಿರುವಿನ ಓರೆಯನ್ನು ತಡೆಯಲಾರವು.

ಉಳಿದದ್ದು ಸ್ವರ್ಲ್ ಪಾಟ್, ಅಂದರೆ ಪೆಟ್ರೋಲಿನಿಂದ ಗಾಳಿಯನ್ನು ಬೇರ್ಪಡಿಸುವ ಪುಟ್ಟ ಟ್ಯಾಂಕ್. ಮೂರು ಇಂಚಿನ ಸ್ಟೀಲ್ ಪೈಪಿನ 22 ಸೆಂಟಿಮೀಟರ್ ಉದ್ದದ ತುಂಡು. ಎರಡೂ ಕಡೆ ಮುಚ್ಚಿದರೆ ಒಳಗೆ ಒಂದು ಲೀಟರ್ ಹಿಡಿಯುತ್ತದೆ. ಟ್ಯಾಂಕಿನಿಂದ ಒಂದು ಸಣ್ಣ ವಿದ್ಯುತ್ ಪಂಪು ಇದಕ್ಕೆ ಪೆಟ್ರೋಲ್ ತುಂಬುತ್ತದೆ. ಒಳಬರುವ ಕೊಳವೆಯನ್ನು ಮೇಲ್ಭಾಗದಲ್ಲಿ ಗೋಡೆಗೆ ತಾಗುವಂತೆ ಓರೆಯಾಗಿ ಕೂರಿಸಿರುವುದರಿಂದ ಪೆಟ್ರೋಲ್ ಗೋಡೆಯ ಗುಂಟ ಸುತ್ತುತ್ತ ಇಳಿಯುತ್ತದೆ, ಜೊತೆಗೆ ಬಂದ ಗಾಳಿ ನಡುವೆ ಬೇರ್ಪಟ್ಟು, ಹೆಚ್ಚಾದ ಪೆಟ್ರೋಲಿನೊಂದಿಗೆ ನೆತ್ತಿಯ ಕೊಳವೆಯಿಂದ ಟ್ಯಾಂಕಿಗೆ ಮರಳುತ್ತದೆ. ಎಂಜಿನ್ನಿನ ಸ್ವಂತ ಪಂಪು ಎಳೆಯುವುದು ತಳದಿಂದ. ತಿರುವಿನಲ್ಲಿ ವಿದ್ಯುತ್ ಪಂಪು ಗಾಳಿಯನ್ನೇ ಎಳೆದರೂ ಪಾಟಿನಲ್ಲಿರುವ ಒಂದು ಲೀಟರ್ ಐದು ನಿಮಿಷಕ್ಕೂ ಹೆಚ್ಚು ಕಾಲ ಸಾಲುತ್ತದೆ. ಇದನ್ನು ಬೆಸೆದುಕೊಟ್ಟವರು ಸುಂಟಿಕೊಪ್ಪದ ಬಳಿ ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ) ರಿಪೇರಿ ಮಾಡುವ ಹಿರಿಯ ವೆಲ್ಡರ್. ಬೆಸುಗೆಯ ಸಾಲು ಹೆಣೆದ ಜಡೆಯಂತೆ ಒಂದೇ ಸಮನಾಗಿದೆ. ಗಾಳಿ ತುಂಬಿ ನೀರಿನಲ್ಲಿ ಮುಳುಗಿಸಿದಾಗ ಒಂದು ಗುಳ್ಳೆಯೂ ಏಳಲಿಲ್ಲ.

ಪಾಟಿನ ತಳದಲ್ಲಿ ಇನ್ನೊಂದು ಬಾಯಿಯನ್ನು ಈಗಲೇ ಬಿಡಿಸಿ ಬಿರಡೆ ಹಾಕಿಸಿದ್ದೇನೆ. ಮುಂದಿನ ಕಾರಿಗೆ 12 ವಾಲ್ವಿನ ಎಂಪಿಎಫ್‌ಐ, ಅಂದರೆ ಕಾರ್ಬುರೇಟರಿನ ಬದಲು ಇಂಜೆಕ್ಟರುಗಳಿಂದ ಪೆಟ್ರೋಲ್ ಸಿಂಪಡಿಸುವ, ಎಂಜಿನ್ನನ್ನೂ ಐದು ಗೇರಿನ ಪೆಟ್ಟಿಗೆಯನ್ನೂ ತರುವ ಯೋಚನೆಯಿದೆ. ಗುಜರಿಯಲ್ಲಿ ಒಂದನ್ನು ನೋಡಿಟ್ಟೂ ಬಂದಿದ್ದೇನೆ. ಇಂಜೆಕ್ಷನ್ ಎಂಜಿನ್ನಿಗೆ ಫ್ಲೋಟ್ ಬೌಲಿನ ಸಾಲವೂ ಇರುವುದಿಲ್ಲವಾದ್ದರಿಂದ ಹೋಸಿನಲ್ಲಿ ಗಾಳಿ ಬಂದ ಕ್ಷಣವೇ ಅದು ಕಟ್ ಆಗುತ್ತದೆ, ಒತ್ತಡದ ಪಂಪಿಗೂ ಗಾಳಿ ಎಳೆಯುವುದು ಒಳ್ಳೆಯದಲ್ಲ. ಆ ಪಂಪಿಗಾಗಿ ಕಾದಿರುವ ಬಾಯಿ ಅದು.

ಭಾನುವಾರ ಎಂದಿನಂತೆ 7 ಲೀಟರ್ ಹಾಕಿ ಹೊರಟೆವು. ಆರನೆಯ ಸುತ್ತಿನಲ್ಲಿ ಕಾರು ಆ ಬಲತಿರುವಿನಿಂದ ಹೊರಬರುವಾಗ ನಾನು ಪಿಟ್ ಗೋಡೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದೆ. ಮೂರು ಸಿಲಿಂಡರಿನ ಆ ಒರಟು ದನಿ ಎಲ್ಲೂ ತುಂಡಾಗದೆ ಏರುತ್ತ ನಮ್ಮೆದುರಿನಿಂದ ಹಾದುಹೋಯಿತು. 26 ಸುತ್ತು ಮುಗಿಸಿ ಬಂದ ಮೇಲೆ ಟ್ಯಾಂಕ್ ಬಗ್ಗಿಸಿ ಅಳೆದರೆ ಉಳಿದದ್ದು 1.8 ಲೀಟರ್. ಪಾಟನ್ನು ಹಿಡಿದಿರುವ ಪಟ್ಟಿಯ ಒಂದು ಮೂಲೆಯಲ್ಲಿ ಕೂದಲೆಳೆಯ ಬಿರುಕು ಕಂಡಿದೆ. ಅದನ್ನು ಬಿಚ್ಚಿ, ನಡುವೆ ರಬ್ಬರ್ ಬುಷ್ ಕೊಟ್ಟು ಮತ್ತೆ ಕೂರಿಸಬೇಕು. ಚಿಕ್ಕಪ್ಪನಿಗೆ ಅಲ್ಲಿಂದಲೇ ಫೋನ್ ಮಾಡಿದೆ. ಸುದ್ದಿ ಕೇಳಿ ಸಂತೋಷಪಟ್ಟರು. ಮಳೆ ಹಿಡಿಯುವುದರೊಳಗೆ ಕಣದ ಮೇಲಿನ ಟಯರಿನ ಕಪ್ಪು ವೃತ್ತವನ್ನು ಉಜ್ಜಿ ತೆಗೆದುಕೊಡಬೇಕೆಂದೂ ಹೇಳಿದರು.