ನೆರೆಗೆ ಸಾಮಾನು ಕೊಡುವ ಲೆಕ್ಕ: ಒಬ್ಬ ಜೀನಸು ಅಂಗಡಿಯವನ ಮಾತು

ಮುನ್ನೂರು ಜನರ ಊಟಕ್ಕೆ ಎಷ್ಟು ಅಕ್ಕಿ ಬೇಕು ಎಂದು ಕೇಳಿದರೆ ನಾನು ಕ್ಯಾಲ್ಕುಲೇಟರ್ ಮುಟ್ಟುವುದಿಲ್ಲ. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ–ಪೆರ್ಲ ರಸ್ತೆ ಬದಿಯಲ್ಲಿ ನಮ್ಮದು ಅಪ್ಪನ ಕಾಲದ ಜೀನಸು ಅಂಗಡಿ. ಮದುವೆ, ಗೃಹಪ್ರವೇಶ, ಕೋಲ, ಬ್ರಹ್ಮಕಲಶ ಅಂತ ಸುತ್ತಲಿನ ಊರಿಗೆಲ್ಲ ಸಾಮಾನು ಹೋಗುವುದು ಇಲ್ಲಿಂದ. ಎಷ್ಟು ಜನ ಆಗಬಹುದು ಎಂದು ಹೇಳಿದರೆ ಸಾಕು, ಪಟ್ಟಿ ನಾನೇ ಬರೆದು ಕೊಡುತ್ತೇನೆ.

ನೆರೆ ಬಂದಾಗಿನ ಊಟಕ್ಕೂ ಒಂದು ಅಳತೆ ಇದೆ. ಒಬ್ಬರಿಗೆ ದಿನಕ್ಕೆ 2,100 ಕಿಲೋಕ್ಯಾಲೊರಿ. ವಿಶ್ವಸಂಸ್ಥೆಯ ವಿಶ್ವ ಆಹಾರ ಕಾರ್ಯಕ್ರಮದವರು ಇದನ್ನು ಸಾಮಾನಿಗೆ ಇಳಿಸಿದ್ದು ಹೀಗೆ: 400 ಗ್ರಾಂ ಅಕ್ಕಿಯೋ ಗೋಧಿಯೋ, 60 ಗ್ರಾಂ ಬೇಳೆ, 25 ಗ್ರಾಂ ಎಣ್ಣೆ, 50 ಗ್ರಾಂ ಪೌಷ್ಟಿಕ ಹಿಟ್ಟು, ಸ್ವಲ್ಪ ಸಕ್ಕರೆ, 5 ಗ್ರಾಂ ಉಪ್ಪು. ಮುನ್ನೂರು ಜನರ ಶಿಬಿರಕ್ಕೆ ಅಂದರೆ ದಿನಕ್ಕೆ 120 ಕಿಲೋ ಅಕ್ಕಿ, 18 ಕಿಲೋ ಬೇಳೆ, ಏಳೂವರೆ ಕಿಲೋ ಎಣ್ಣೆ. ಮೂರು ದಿನದ್ದನ್ನು ಒಂದು ಪಿಕಪ್‌ನಲ್ಲಿ ತಂದುಬಿಡಬಹುದು.

ನೀರಿನ ಕತೆ ಬೇರೆ. ಸ್ಫಿಯರ್ ಅಂತ ಒಂದು ಅಂತರರಾಷ್ಟ್ರೀಯ ಕೈಪಿಡಿ ಇದೆ. ಕುಡಿಯಲು, ಅಡುಗೆಗೆ, ಮೈ ತೊಳೆಯಲು ಎಲ್ಲ ಸೇರಿ ಒಬ್ಬರಿಗೆ ದಿನಕ್ಕೆ ಕನಿಷ್ಠ 15 ಲೀಟರ್ ಎಂದು ಅದರಲ್ಲಿದೆ. ಮುನ್ನೂರು ಜನರಿಗೆ 4,500 ಲೀಟರ್ ಆಯಿತು. ಅದಕ್ಕೆ ಟ್ಯಾಂಕರೇ ಬೇಕು, ಟ್ಯಾಂಕರ್ ಬರುವಂಥ ರಸ್ತೆಯೂ ಉಳಿದಿರಬೇಕು. ನೆರೆ ಅಂದ ಕೂಡಲೇ ಜನ ಹೊತ್ತು ತರುವುದು ಮಾತ್ರ ಒಂದು ಲೀಟರಿನ ಬಾಟ್ಲಿ.

ಈ ವಿಷಯಕ್ಕೆ ನಾನು ಬಿದ್ದದ್ದು ಒಂದು ಮಳೆಗಾಲದಲ್ಲಿ. ತೋಡು ತುಂಬಿ ಬಯಲಿನ ಮನೆಗಳಿಗೆ ನೀರು ನುಗ್ಗಿ, ಶಾಲೆಯೊಂದರಲ್ಲಿ ಶಿಬಿರ ತೆರೆದಿದ್ದರು. 'ಸ್ಟಾಕ್ ನೋಡಿಕೊಳ್ಳಲು ಒಬ್ಬ ಬೇಕು, ನೀವು ಬನ್ನಿ' ಎಂದು ವಾರ್ಡಿನ ಮೆಂಬರ್ ಕರೆದರು. ಏಳನೇ ಕ್ಲಾಸಿನ ಕೋಣೆಯೇ ಸ್ಟೋರ್. ಬಾಗಿಲು ತೆರೆದರೆ ಕಾಲಿಡಲು ಜಾಗ ಇಲ್ಲ. ಬ್ರೆಡ್ಡು, ಬಿಸ್ಕೆಟ್, ಬಾಟ್ಲಿ ನೀರು, ಹಳೇ ಬಟ್ಟೆ, ಮತ್ತೂ ಹಳೇ ಬಟ್ಟೆ. ಒಂದು ಪೆಟ್ಟಿಗೆಯಲ್ಲಿ ಸೋಪು, ಚಾಹುಡಿ, ಬಿಸ್ಕೆಟ್ ಎಲ್ಲ ಒಟ್ಟಿಗೆ ತುಂಬಿಸಿದ್ದರು. ತಂದವರ ಮನಸ್ಸು ಒಳ್ಳೆಯದೇ. ಆದರೆ ಬಿಸ್ಕೆಟಿಗೆಲ್ಲ ಸೋಪಿನ ವಾಸನೆ ಹಿಡಿದು ಮಕ್ಕಳು ಬಾಯಿಗಿಟ್ಟು ಉಗಿದರು. ಚಪ್ಪಲಿ ಇಲ್ಲ, ಬಾಲ್ದಿ ಇಲ್ಲ, ಹೆಂಗಸರಿಗೆ ಪ್ಯಾಡ್ ಇಲ್ಲ, ಒಳಉಡುಪು ಇಲ್ಲ. ಕನ್ನಡಕ ನೀರುಪಾಲಾದ ಅಜ್ಜ ಒಬ್ಬರು ಮಾತ್ರೆ ಪಟ್ಟಿಯನ್ನು ಸಿಕ್ಕಿದವರ ಕೈಯಲ್ಲೆಲ್ಲ ಓದಿಸುತ್ತಿದ್ದರು.

ಲ್ಯಾಟಿನ್ ಅಮೆರಿಕದ ದೇಶಗಳಲ್ಲಿ ಭೂಕಂಪ, ಚಂಡಮಾರುತ ಆದಾಗ ಬರುವ ಸಾಮಾನಿಗೆ ಬಣ್ಣ ಹಚ್ಚುವ ಪದ್ಧತಿ ಇದೆಯಂತೆ. ಆಹಾರಕ್ಕೆ ಕೆಂಪು, ಬಟ್ಟೆ ಮತ್ತು ಮನೆ ಸಾಮಾನಿಗೆ ನೀಲಿ, ಔಷಧಕ್ಕೆ ಹಸಿರು. ಪೆಟ್ಟಿಗೆ ಬಿಚ್ಚದೆಯೇ ಯಾವುದು ಯಾವ ಮೂಲೆಗೆ ಎಂದು ಗೊತ್ತಾಗಬೇಕು, ಅಷ್ಟೇ. ನಾನು ಆಗ ಇದನ್ನು ಓದಿರಲಿಲ್ಲ. ಬಣ್ಣದ ಚಾಕ್‌ಪೀಸ್ ಹಿಡಿದು ಗೋಡೆಗೆ ಗೆರೆ ಎಳೆದೆ. ಹೆಡ್‌ಮಾಸ್ಟರಿಗೆ ಸಿಟ್ಟು ಬಂತು. ಇರಲಿ.

ಹಳೇ ಬಟ್ಟೆ ವಿಷಯ ನಮ್ಮಲ್ಲಿ ಮಾತ್ರ ಅಲ್ಲ. 2004ರ ಸುನಾಮಿ ಆದಾಗ ತಮಿಳುನಾಡಿನ ಕರಾವಳಿಯಲ್ಲಿ, ನಾಗಪಟ್ಟಣದ ಕಡೆ, ರಸ್ತೆ ಬದಿಯಲ್ಲೆಲ್ಲ ಬಟ್ಟೆ ರಾಶಿ ಬಿದ್ದಿತ್ತು. ಯಾರೂ ಮುಟ್ಟಲಿಲ್ಲ. ಆಮೇಲೆ ಗೂಂಜ್ ಸಂಸ್ಥೆಯವರು ಅದರಲ್ಲಿ ಬಹಳಷ್ಟನ್ನು ಒಟ್ಟು ಮಾಡಿ, ಬೇರ್ಪಡಿಸಿ, ಬಳಕೆಗೆ ತಂದರು. ಮನೆ ಕಳೆದುಕೊಂಡವರಿಗೆ ಮಾನ ಇಲ್ಲವೇ? ಯಾರೋ ಬಿಟ್ಟ ಹರಕು ಪ್ಯಾಂಟನ್ನು ಮೀನುಗಾರ ಯಾಕೆ ಹಾಕಿಕೊಳ್ಳಬೇಕು?

ಒಳಗೆ ಬಂದ ಸಾಮಾನಿನ ಲೆಕ್ಕ ಎಲ್ಲರೂ ಬರೆಯುತ್ತಾರೆ. ಯಾವ ಸಂಘ ಎಷ್ಟು ಕೊಟ್ಟಿತು, ಯಾರ ಜತೆ ಫೋಟೋ ಆಯಿತು, ಎಲ್ಲದಕ್ಕೂ ದಾಖಲೆ ಇರುತ್ತದೆ. ಹೊರಗೆ ಹೋಗಬೇಕಾದ ಲೆಕ್ಕವನ್ನು ಮೊದಲು ಬರೆಯುವವರು ಕಮ್ಮಿ. ಯಾವ ವಾರ್ಡು, ಎಷ್ಟು ಮನೆ, ಆ ಮನೆಯಲ್ಲಿ ಯಾರ್ಯಾರು, ಅವರಿಗೆ ಇವತ್ತು ಏನು ಬೇಕು, ನಾಳೆ ಏನು ಬೇಕು. ಅಂಗಡಿ ನಡೆಸುವವನಿಗೆ ಇದು ಮೊದಲ ಪಾಠ. ಗಿರಾಕಿ ಯಾರೆಂದು ಗೊತ್ತಿಲ್ಲದೆ ಲೋಡು ತರಿಸುವವನು ವರ್ಷ ದಾಟುವುದಿಲ್ಲ.

ನಮ್ಮ ರಾಜ್ಯದಲ್ಲೇ ಇದಕ್ಕೆ ಒಳ್ಳೆಯ ಉದಾಹರಣೆ ಇದೆ. 2020ರ ಏಪ್ರಿಲ್, ಲಾಕ್‌ಡೌನ್. ಕೇರಳದ ರೇಷನ್ ಅಂಗಡಿಗಳಲ್ಲಿ ಉಚಿತ ಅಕ್ಕಿ ಕೊಡುವಾಗ ಕಾರ್ಡ್ ನಂಬರಿನ ಕೊನೆಯ ಅಂಕಿ ನೋಡಿ ದಿನ ಹಂಚಿದರು. ಏಪ್ರಿಲ್ 1ಕ್ಕೆ ಸೊನ್ನೆ ಮತ್ತು ಒಂದು, 2ಕ್ಕೆ ಎರಡು ಮತ್ತು ಮೂರು, ಹೀಗೆ ಐದು ದಿನಕ್ಕೆ ಹತ್ತೂ ಅಂಕಿ ಮುಗಿಯಿತು. ಆಮೇಲೆ 17 ಸಾಮಾನಿನ ಕಿಟ್ ಬಂತು. ಅದನ್ನು ಕಾರ್ಡಿನ ಬಣ್ಣ ನೋಡಿ ಕೊಟ್ಟರು. ಮೊದಲು ಹಳದಿ, ಮತ್ತೆ ಗುಲಾಬಿ, ನೀಲಿ, ಕೊನೆಗೆ ಬಿಳಿ. ಅಂದರೆ ತೀರಾ ಕಷ್ಟದಲ್ಲಿರುವವರಿಂದ ಶುರು. ಹೊಸ ಆ್ಯಪ್ ಬೇಕಾಗಲಿಲ್ಲ, ಹೊಸ ಸಮಿತಿ ಬೇಕಾಗಲಿಲ್ಲ. ಪಟ್ಟಿ ಮೊದಲೇ ಇತ್ತು, ಅಂಗಡಿ ನಡೆದುಹೋಗುವಷ್ಟು ಹತ್ತಿರ ಇತ್ತು.

ನೆರೆಯಲ್ಲಿ ಒಂದು ತೊಡಕು. ಕಾರ್ಡು ಮನೆಯಲ್ಲಿ, ಮನೆ ನೀರಲ್ಲಿ. ಜನ ಎಲ್ಲಿದ್ದಾರೆ ಅನ್ನುವುದು ಕಾರ್ಡಿನಲ್ಲಿ ಇರುವುದಿಲ್ಲ. ನಮ್ಮ ಕಡೆ ಅರ್ಧಕ್ಕರ್ಧ ಜನ ಶಿಬಿರಕ್ಕೆ ಬರುವುದೇ ಇಲ್ಲ, ಅಕ್ಕನ ಮನೆಗೋ ಮಾವನ ಮನೆಗೋ ಹೋಗುತ್ತಾರೆ. ಮೂರು ಜನ ಇದ್ದ ಮನೆಯಲ್ಲಿ ಹನ್ನೊಂದು ಜನ ಆಗುತ್ತಾರೆ, ಅಕ್ಕಿ ಮೂರೇ ಜನರದ್ದು. ಅವರು ಯಾವ ಲೆಕ್ಕಕ್ಕೂ ಸಿಗುವುದಿಲ್ಲ. ಇನ್ನು ಅಡಿಕೆ ತೋಟ ಇರುವವರು ಸಾಲಿನಲ್ಲಿ ನಿಲ್ಲುವುದಿಲ್ಲ, ನಾಚಿಕೆ. ಗುಡ್ಡೆ ಮೇಲಿನ ಮನೆಗಳಿಗೆ ನೆರೆ ತಟ್ಟುವುದಿಲ್ಲ ನಿಜ. ಆದರೆ ಅವರು ನೀರಿಗೆ ಗುಡ್ಡೆಗೆ ಅಡ್ಡ ಕೊರೆದ ಸುರಂಗದ ಬಾಯಿಗೆ ಮಣ್ಣು ಜರಿದರೆ ಅವರಿಗೆ ಕುಡಿಯುವ ನೀರೇ ಇಲ್ಲ. ಸುತ್ತ ಸುರಿಯುವ ಮಳೆ, ಕೊಡಪಾನ ಖಾಲಿ. ಇದನ್ನು ಹೊರಗಿನಿಂದ ಬಂದ ಅಧಿಕಾರಿಗೆ ಹೇಳಿದರೆ ನಂಬುವುದು ಕಷ್ಟ, ಅಲ್ವಾ?

ಇದೆಲ್ಲ ಗೊತ್ತಿರುವುದು ಕುಟುಂಬಶ್ರೀ ಎಂಬ ಕೇರಳ ಸರಕಾರದ ಮಹಿಳಾ ಯೋಜನೆಯ ಹೆಂಗಸರಿಗೆ. 1998ರಿಂದ ನಡೆಯುತ್ತಾ ಬಂದ ವ್ಯವಸ್ಥೆ ಅದು. ಹತ್ತಿಪ್ಪತ್ತು ಮನೆಗೊಂದು ನೆರೆಕರೆ ಕೂಟ. ಶಿಬಿರದಲ್ಲಿ ನನಗೆ ನಿಜವಾದ ಪಟ್ಟಿ ಸಿಕ್ಕಿದ್ದು ಅವರಿಂದಲೇ, ಹಾಲಿನ ಸೊಸೈಟಿ ಚೀಟಿಯ ಹಿಂದೆ ಪೆನ್ಸಿಲಿನಲ್ಲಿ ಬರೆದದ್ದು. 'ಕೆಳಗಿನ ಮನೆ, ಬಾಣಂತಿ, ಹಾಲುಹುಡಿ ಬೇಡ, ಬಟ್ಟೆ ಬೇಕು.' 'ತೋಡಿನ ಆಚೆ ಮನೆ, ಅಜ್ಜಿಗೆ ಇನ್ಸುಲಿನ್, ಈಗ ಮಗಳ ಮನೆಯಲ್ಲಿ.' ಇನ್ಸುಲಿನ್ ಎರಡರಿಂದ ಎಂಟು ಡಿಗ್ರಿಯಲ್ಲಿ ಇಡಬೇಕಾದದ್ದು. ಕರೆಂಟ್ ಹೋದರೆ ಫ್ರಿಜ್ ಇದ್ದೂ ಉಪಯೋಗ ಇಲ್ಲ. ಜನರೇಟರ್ ಇರುವ ಐಸ್‌ಕ್ರೀಮ್ ಅಂಗಡಿ ಯಾವುದು ಎಂದೂ ಅವರಿಗೇ ಗೊತ್ತಿತ್ತು.

ಹೈಟಿಯಲ್ಲಿ 2010ರ ಭೂಕಂಪದ ನಂತರ ಅಕ್ಕಿಗಾಗಿ ನೂಕುನುಗ್ಗಲು ಜೋರಾದಾಗ ವಿಶ್ವ ಆಹಾರ ಕಾರ್ಯಕ್ರಮದವರು 16 ಜಾಗ ಗುರುತು ಮಾಡಿ, ಮೊದಲೇ ಕೂಪನ್ ಹಂಚಿ, 25 ಕಿಲೋ ಚೀಲಗಳನ್ನು ಹೆಂಗಸರ ಕೈಗೇ ಕೊಟ್ಟರು. ಗಟ್ಟಿಮುಟ್ಟು ಗಂಡಸರು ಮುಂದೆ ನುಗ್ಗುವುದು ನಿಂತಿತು. ಎಲ್ಲ ಊರಿಗೂ ಇದೇ ಆಗುತ್ತದೆ ಅಂತ ನಾನು ಹೇಳುವುದಿಲ್ಲ. ನಮ್ಮ ಪೇಟೆಯಲ್ಲಿ ಆಗುತ್ತದೆ.

ಅಕ್ಕಿ ವಿಷಯ ಸ್ವಲ್ಪ ಜಾಸ್ತಿ ಹೇಳಬೇಕು, ನನ್ನ ವ್ಯಾಪಾರವೇ ಅದು. ನಮ್ಮಲ್ಲಿ ಉಣ್ಣುವುದು ಕುಚ್ಚಲಕ್ಕಿ. ಹೊರಗಿನಿಂದ ಬರುವ ಕಿಟ್‌ಗಳಲ್ಲಿ ಹೆಚ್ಚಾಗಿ ಬೆಳ್ತಿಗೆ, ಅಂದರೆ ಕುದಿಸದೆ ಮಾಡಿದ ಬಿಳಿ ಅಕ್ಕಿ. 'ಕಷ್ಟದಲ್ಲೂ ಇವರಿಗೆ ರುಚಿ ಬೇಕಾ' ಎಂದು ಒಬ್ಬರು ಅಂದರು. ರುಚಿಯ ಮಾತಲ್ಲ, ಕುಚ್ಚಲಕ್ಕಿ ಗಂಜಿ ಇಲ್ಲಿ ಮಕ್ಕಳಿಗೂ ಮುದುಕರಿಗೂ ಜ್ವರದವರಿಗೂ ಆಗುತ್ತದೆ. ಆದರೆ ಇನ್ನೊಂದು ಮಗ್ಗುಲೂ ಇದೆ. ಬೆಳ್ತಿಗೆ ಇಪ್ಪತ್ತು ನಿಮಿಷದಲ್ಲಿ ಬೇಯುತ್ತದೆ, ಕುಚ್ಚಲಕ್ಕಿಗೆ ಮುಕ್ಕಾಲು ಗಂಟೆಯಾದರೂ ಬೇಕು. ಎರಡೇ ಸಿಲಿಂಡರ್ ಇರುವ ಶಿಬಿರದಲ್ಲಿ, ಸೌದೆಯೆಲ್ಲ ಒದ್ದೆಯಾಗಿರುವಾಗ, ಇದು ಸಣ್ಣ ಮಾತಲ್ಲ. ಮೊದಲ ಎರಡು ದಿನ ಬೆಳ್ತಿಗೆ, ಗ್ಯಾಸಿನ ವ್ಯವಸ್ಥೆ ಆದ ಮೇಲೆ ಕುಚ್ಚಲಕ್ಕಿ. ಅಡುಗೆಯವರೂ ನಾನೂ ಕೂತು ಹಾಗೆ ಮಾಡಿದೆವು.

ಮೊದಲ ಎರಡು ಮೂರು ದಿನ ಯಾರನ್ನೂ ಕೇಳುತ್ತಾ ಕೂರಬಾರದು. ಫೋನ್ ಇಲ್ಲ, ಕೇಳಿದರೂ ಉತ್ತರ ಬರುವುದಿಲ್ಲ. ಅಕ್ಕಿ, ನೀರು, ಟಾರ್ಪಾಲು, ಹೊದಿಕೆ ಎಲ್ಲರಿಗೂ ಬೇಕೇ ಬೇಕು, ಕಳಿಸಿಬಿಡಬೇಕು. ನಾಲ್ಕನೇ ದಿನದಿಂದ ಕೇಳದೆ ಏನನ್ನೂ ಕಳಿಸಬಾರದು. ನಮ್ಮಲ್ಲಿ ಆಗುವುದು ಉಲ್ಟಾ. ಮೊದಲ ದಿನ 'ಏನು ಬೇಕು ಹೇಳಿ' ಎಂದು ಮೀಟಿಂಗು, ಟಿವಿಯಲ್ಲಿ ಬಂದ ಮೇಲೆ ಲಾರಿಗಟ್ಟಲೆ ಬ್ರೆಡ್ಡು.

ನೀರು ಇಳಿದ ದಿನ ಬೇಕಾಗುವ ಸಾಮಾನೇ ಬೇರೆ. ಹಿಡಿಸೂಡಿ, ಫಿನಾಯಿಲ್, ಹಾರೆ, ಗಂಬೂಟು, ಬ್ಲೀಚಿಂಗ್ ಪೌಡರ್. ಕೇರಳದಲ್ಲಿ 2018ರ ಆಗಸ್ಟಿನಲ್ಲಿ ಸುಮಾರು 14 ಲಕ್ಷ ಜನ ಶಿಬಿರಗಳಲ್ಲಿ ಇದ್ದರು. ಅವರೆಲ್ಲ ವಾಪಸ್ ಹೋದದ್ದು ಕೆಸರು ತುಂಬಿದ ಬಾವಿ ಇರುವ ಮನೆಗಳಿಗೆ. ಇಲಿಜ್ವರ ಬಂದದ್ದು ಆಮೇಲೆ. ಕೆಸರಲ್ಲಿ ಇಳಿಯುವವರಿಗೆಲ್ಲ ಡಾಕ್ಸಿಸೈಕ್ಲಿನ್ ಮಾತ್ರೆ ಹಂಚಿದ್ದು ನೆನಪಿರಬಹುದು.

ಬಾವಿ ನೀರಿಗೆ ಹಾಕುವ ಬ್ಲೀಚಿಂಗ್ ಪೌಡರಿನ ಲೆಕ್ಕ ಯಾರಿಗಾದರೂ ಉಪಯೋಗ ಆದೀತು, ಬರೆದುಬಿಡುತ್ತೇನೆ. ಸಾಮಾನ್ಯವಾಗಿ ಸಾವಿರ ಲೀಟರಿಗೆ ಎರಡೂವರೆ ಗ್ರಾಂ, ನೆರೆ ನೀರು ನುಗ್ಗಿದ ಬಾವಿಗೆ ಅದರ ದುಪ್ಪಟ್ಟು. ಮೂರು ಮೀಟರ್ ಅಗಲದ ಬಾವಿಯಲ್ಲಿ ಮೂರು ಮೀಟರ್ ನೀರಿದ್ದರೆ ಸುಮಾರು 21,000 ಲೀಟರ್. ನೂರು ಗ್ರಾಂ ಚಿಲ್ಲರೆ ಸಾಕು. ಇಪ್ಪತ್ತೈದು ಕಿಲೋದ ಒಂದು ಚೀಲ ಇನ್ನೂರಕ್ಕೂ ಹೆಚ್ಚು ಬಾವಿಗೆ ಬರುತ್ತದೆ. ಇಷ್ಟು ಸಣ್ಣ ಸಾಮಾನಿಗೆ ನೆರೆ ಇಳಿದ ಮೇಲೆ ಜನ ಪೇಟೆಯಿಂದ ಪೇಟೆಗೆ ಓಡುವುದನ್ನು ನೋಡಿದ್ದೇನೆ. ಹಾಗಂತ ಒಂದೇ ಸಲ ಹತ್ತು ಚೀಲ ತಂದು ಇಟ್ಟರೂ ಆಗುವುದಿಲ್ಲ. ತೇವ ತಾಗಿದರೆ ಅದರ ಸತ್ವ ಹೋಗುತ್ತದೆ, ನಮ್ಮ ಜೂನ್ ಜುಲೈ ಹವೆಯಲ್ಲಿ ಬೇಗ ಹೋಗುತ್ತದೆ. ಹಳತು ಮೊದಲು ಹೊರಗೆ, ಹೊಸತು ಹಿಂದೆ. ಅಂಗಡಿಯಲ್ಲಿ ಇದು ದಿನಾ ನಡೆಯುವ ಕೆಲಸ, ಸರಕಾರಿ ಗೋಡೌನಿನಲ್ಲಿ ನಡೆಯುವುದು ಕಷ್ಟ.

ನೇಪಾಳದಲ್ಲಿ 2015ರ ಏಪ್ರಿಲ್ 25ರ ಭೂಕಂಪಕ್ಕೆ ಒಂದು ತಿಂಗಳು ಮೊದಲಷ್ಟೇ ಕಠ್ಮಂಡು ವಿಮಾನ ನಿಲ್ದಾಣದಲ್ಲಿ ಪರಿಹಾರ ಸಾಮಾನು ಇಳಿಸಿ, ವಿಂಗಡಿಸಿ, ಕಳಿಸಲು ಒಂದು ಅಂಗಳ ತಯಾರಾಗಿತ್ತು. ಒಂದೇ ರನ್‌ವೇ ಇರುವ ಊರು ಅದು. ಆ ಅಂಗಳ ಇಲ್ಲದಿದ್ದರೆ ಏನಾಗುತ್ತಿತ್ತೋ. ಕಾಸರಗೋಡಿಗೂ ಸಾಮಾನು ಬರುವ ದಾರಿಗಳು ಕಮ್ಮಿ. ನನ್ನ ಅಂಗಡಿಗೆ ಸಾಮಾನು ಬರುವುದು ಮಂಗಳೂರಿನ ಬಂದರು ಪೇಟೆಯಿಂದ. 2020ರ ಮಾರ್ಚ್‌ನಲ್ಲಿ ಕರ್ನಾಟಕ–ಕೇರಳದ ತಲಪಾಡಿ ಗಡಿ ಮುಚ್ಚಿದಾಗ ಆ ದಾರಿಯೇ ನಿಂತಿತು. 2018ರಲ್ಲಿ ಕೊಡಗಿನ ಜೋಡುಪಾಲ, ಮದೆನಾಡಿನ ಕಡೆ ಗುಡ್ಡ ಜರಿದಾಗ ನಮ್ಮಿಂದ ಗಾಡಿಗಳು ಮುಳ್ಳೇರಿಯ, ಜಾಲ್ಸೂರು ದಾಟಿ ಸುಳ್ಯಕ್ಕೆ ಹೋದವು. ಸಂಪಾಜೆಯಿಂದ ಮೇಲೆ ರಸ್ತೆಯೇ ಇರಲಿಲ್ಲ. ಜಿಲ್ಲೆಯ ಗೆರೆಯೊಳಗೇ ಯೋಜನೆ ಬರೆಯುವವರು ಪಯಸ್ವಿನಿ ಹೊಳೆ ಕೊಡಗಿನಿಂದ ಇಳಿದು ಬರುತ್ತದೆ ಅನ್ನುವುದನ್ನಾದರೂ ನೋಡಬೇಕು. ಹಾಗೆಯೇ ಮಂಜೇಶ್ವರ, ಕಾಸರಗೋಡು ತಾಲೂಕಿನ ಶಿಬಿರದ ನೋಟೀಸು ಬರೀ ಮಲಯಾಳದಲ್ಲಿ ಇದ್ದರೆ ಅರ್ಧ ಅಜ್ಜಿಯಂದಿರಿಗೆ ಓದಲು ಬರುವುದಿಲ್ಲ. ಕನ್ನಡದಲ್ಲೂ ಒಂದು ಹಾಳೆ ಅಂಟಿಸಲು ಎಷ್ಟು ಹೊತ್ತು ಬೇಕು?

ನನ್ನ ಸಲಹೆ ಇಷ್ಟೇ. ಪಂಚಾಯತು ಅಕ್ಕಿ ಕೊಂಡು ಇಡುವುದು ಬೇಡ. ಅಕ್ಕಿ ಊರಲ್ಲೇ ಇದೆ, ನಮ್ಮಂಥ ಅಂಗಡಿಗಳಲ್ಲಿ. ಪ್ರತಿ ಪೇಟೆಯಲ್ಲಿ ಎರಡು ಅಂಗಡಿ ಗುರುತು ಮಾಡಿ, ಒಂದು ಬಯಲಲ್ಲಿ, ಒಂದು ಎತ್ತರದಲ್ಲಿ. ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮ ಮಾಮೂಲು ಸ್ಟಾಕಿನ ಮೇಲೆ ಐದು ಕ್ವಿಂಟಲ್ ಅಕ್ಕಿ, ಒಂದು ಕ್ವಿಂಟಲ್ ಬೇಳೆ, ಎರಡು ಚೀಲ ಬ್ಲೀಚಿಂಗ್, ಒಂದಷ್ಟು ಬಾಲ್ದಿ, ಪ್ಯಾಡ್ ಇಟ್ಟುಕೊಳ್ಳುತ್ತೇವೆ. ಮಾರುತ್ತಾ ಹೋಗುತ್ತೇವೆ, ತುಂಬಿಸುತ್ತಾ ಹೋಗುತ್ತೇವೆ, ಆ ಮಟ್ಟಕ್ಕಿಂತ ಕೆಳಗೆ ಇಳಿಸುವುದಿಲ್ಲ. ನೆರೆ ಬಂದರೆ ಕುಟುಂಬಶ್ರೀ ಚೀಟಿ ತಂದವರಿಗೆ ಕೊಡುತ್ತೇವೆ, ಬಿಲ್ಲು ಆಮೇಲೆ. ನೆರೆ ಬಾರದಿದ್ದರೆ ಪಂಚಾಯತಿಗೆ ಖರ್ಚೇ ಇಲ್ಲ.

ಇದನ್ನು ಪಂಚಾಯತಿಗೆ ಬರೆದು ಕೊಟ್ಟಿದ್ದೇನೆ. ಯಾರೂ ಬೇಡ ಅನ್ನಲಿಲ್ಲ. ಈಗ ತಕರಾರು ಇರುವುದು ಬೆಲೆಯಲ್ಲಿ. ನೆರೆ ದಿನದ ಬೆಲೆಯೋ, ಸಹಿ ಹಾಕಿದ ದಿನದ ಬೆಲೆಯೋ? ಮೂರು ಕೊಟೇಶನ್ ಬೇಕು ಅನ್ನುತ್ತಾರೆ, ಆಡಿಟ್ ಹೆದರಿಕೆ. ತಪ್ಪಲ್ಲ. ಹಿಂದಿನ ವಾರ ನಾನು ಹೋಲ್‌ಸೇಲಿನಲ್ಲಿ ಕೊಂಡ ಬಿಲ್ಲಿನ ಬೆಲೆ, ಅದರ ಮೇಲೆ ಇಳಿಸುವ ಕೂಲಿ, ಲಾಭ ಬೇಡ ಎಂದಿದ್ದೇನೆ. ಇನ್ನೊಂದು ಅಂಗಡಿಯವರು ಇದಕ್ಕೆ ಒಪ್ಪಿಲ್ಲ, ಅವರಿಗೆ ಶೇಕಡಾ ಎರಡು ಬೇಕಂತೆ. ಅದೂ ನ್ಯಾಯವೇ, ಗೋಡೌನಿನ ಜಾಗಕ್ಕೆ ಬೆಲೆ ಇಲ್ಲವೇ? ಕೊಡಿ ಎಂದು ನಾನೇ ಹೇಳಿದ್ದೇನೆ. ಮೇ ತಿಂಗಳ ಮಧ್ಯದೊಳಗೆ ಸಹಿ ಬೀಳಬೇಕು. ಆಮೇಲೆ ಶಾಲೆ ಶುರುವಾಗುವ ಹೊತ್ತು. ಕೊಡೆ, ಪುಸ್ತಕ, ರೈನ್‌ಕೋಟಿನ ಲೋಡು ಬಂದು ಹಿಂದಿನ ಕೋಣೆ ತುಂಬುತ್ತದೆ, ಐದು ಕ್ವಿಂಟಲ್ ಇಡಲು ನನ್ನಲ್ಲಿ ಜಾಗ ಇರುವುದಿಲ್ಲ.