ವರ್ಡ್‌ಸ್ಟಾರ್ ಫೈಲು, ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರು: ಬಿಳಿ ಗೆರೆ ಕೊನೆಗೂ ಹೋಯಿತು

ಹಳೆಯ ವರ್ಡ್ ಪ್ರೊಸೆಸರುಗಳ ಫೈಲನ್ನೂ ಅವು ಪ್ರಿಂಟರಿಗೆ ಕಳಿಸುತ್ತಿದ್ದ ಬೈಟುಗಳನ್ನೂ ಓದಿ ಪುಟವಾಗಿ ತೋರಿಸುವ ಕೋಡ್ ಬರೆಯುತ್ತಿದ್ದೇನೆ. ಅದರ ಚಿತ್ರಗಳಲ್ಲಿ ಎರಡು ವಾರದಿಂದ ಕಾಡುತ್ತಿದ್ದ ಬಿಳಿ ಗೆರೆ ನಿನ್ನೆ ರಾತ್ರಿ ಹೋಯಿತು. ಅದರ ಕಥೆ ಆಮೇಲೆ. ಮೊದಲು ವರ್ಡ್‌ಸ್ಟಾರ್ ಕೆಲಸ ಎಲ್ಲಿಗೆ ಬಂತು ಅಂತ ಬರೆದಿಡುತ್ತೇನೆ, ಇಲ್ಲದಿದ್ದರೆ ಮುಂದಿನ ತಿಂಗಳು ನನ್ನ ಕೋಡ್ ನನಗೇ ಅರ್ಥವಾಗುವುದಿಲ್ಲ.

ವರ್ಡ್‌ಸ್ಟಾರ್ 1978ರ ವರ್ಡ್ ಪ್ರೊಸೆಸರ್. ಅದರ ಹಳೆಯ ಫೈಲನ್ನು ಸುಮ್ನೆ ತೆರೆದರೆ ಮುಕ್ಕಾಲು ಪಾಲು ಓದಬಹುದು, ಆದರೆ ಎಷ್ಟೋ ಪದಗಳ ಕೊನೆಯ ಅಕ್ಷರ ಮಾತ್ರ ಕೆಟ್ಟಿರುತ್ತದೆ. ಇಂಗ್ಲಿಷ್ ಅಕ್ಷರಗಳಿಗೆ ಸಂಖ್ಯೆ ಕೊಡುವ ಆಸ್ಕಿ ಪದ್ಧತಿಗೆ ಏಳು ಬಿಟ್ ಸಾಕು. ಬೈಟಿನ ಎಂಟನೆಯದು ಖಾಲಿ ಬಿದ್ದಿತ್ತು, ಅದನ್ನು ವರ್ಡ್‌ಸ್ಟಾರ್ ತನ್ನ ಗುರುತಿಗೆ ಬಳಸಿಕೊಂಡಿತು. ಇಂಗ್ಲಿಷಿನ ಸಣ್ಣ 'ಇ' 101, ಪದದ ಕೊನೆಯಲ್ಲಿ 128 ಸೇರಿ 229 ಆಗುತ್ತದೆ, ಡಾಸ್ ಪರದೆಯಲ್ಲಿ ಅದು ಗ್ರೀಕ್ ಸಿಗ್ಮಾ!

ಎಲ್ಲ ಬೈಟಿನಿಂದಲೂ ಎಂಟನೇ ಬಿಟ್ ಕಿತ್ತುಹಾಕಿದರಾಯ್ತು ಅಂದುಕೊಂಡೆ. ಹಾಗೆ ಮಾಡಿಯೇ ಕೆಟ್ಟೆ. ನಾವು ಎಂಟರ್ ಒತ್ತಿ ಮುಗಿಸಿದ ಸಾಲಿನ ಕೊನೆಗೆ 13, 10 ಇರುತ್ತದೆ; ಜಾಗ ಸಾಲದೆ ವರ್ಡ್‌ಸ್ಟಾರ್ ತಾನೇ ಮುರಿದ ಸಾಲಿಗೆ 141, 10. ಬಿಟ್ ಕಿತ್ತರೆ ಎರಡೂ ಒಂದೇ ಆಗಿ, ಪ್ರತಿ ಸಾಲೂ ಒಂದೊಂದು ಪ್ಯಾರಾ ಆಗಿಬಿಡುತ್ತದೆ. ಈಗ ಮೊದಲು 141 ಹುಡುಕಿ ಸಾಲು ಜೋಡಿಸುತ್ತೇನೆ, ಬಿಟ್ ಕೀಳುವುದು ಆಮೇಲೆ.

ನನಗೆ ಜಾಸ್ತಿ ಖುಷಿ ಕೊಟ್ಟಿದ್ದು ಡಾಟ್ ಕಮಾಂಡುಗಳು. ಸಾಲಿನ ಮೊದಲಲ್ಲಿ ಚುಕ್ಕಿ, ಆಮೇಲೆ ಎರಡಕ್ಷರ, ಒಂದು ಸಂಖ್ಯೆ. ಸಾಲಿನ ಎತ್ತರಕ್ಕೆ '.ಎಲ್‌ಎಚ್ 8', ಅಕ್ಷರದ ಅಗಲಕ್ಕೆ '.ಸಿಡಬ್ಲ್ಯೂ 12'. ಎಂಟು ಅಂದರೆ ಎಂಟು ಪಾಯಿಂಟ್ (ಪಾಯಿಂಟ್ ಅಂದರೆ ಇಂಚಿನ 72ನೇ ಒಂದು ಭಾಗ) ಅಂತ ಹಿಡಿದು ಪುಟ ಮಾಡಿದೆ, ಸಾಲುಗಳು ಒಂದರ ಮೇಲೊಂದು ಹತ್ತಿಕೊಂಡವು. ನಿಜವಾದ ಲೆಕ್ಕ ಬೇರೆ: ಎತ್ತರ ಇಂಚಿನ 48ನೇ ಒಂದು ಭಾಗದಲ್ಲಿ, ಅಗಲ 120ನೇ ಒಂದು ಭಾಗದಲ್ಲಿ. ಅಂದರೆ ಇಂಚಿಗೆ ಆರು ಸಾಲು, ಹತ್ತು ಅಕ್ಷರ. ಈ ವಿಚಿತ್ರ ಅಳತೆ ಎಲ್ಲಿಂದ ಬಂತು? ಡಯಾಬ್ಲೊ ಥರದ ಡೈಸಿ ವೀಲ್ ಪ್ರಿಂಟರಿನಿಂದ, ಅಂದರೆ ಅಕ್ಷರಗಳ ಅಚ್ಚಿರುವ ಚಕ್ರ ತಿರುಗಿಸಿ ಬಡಿಯುವ ಪ್ರಿಂಟರಿನಿಂದ. ಅದರಲ್ಲಿ ಕಾಗದ ಸರಿಯುವ ಹೆಜ್ಜೆ 1/48 ಇಂಚು, ಅಚ್ಚಿನ ತಲೆ ಸರಿಯುವ ಹೆಜ್ಜೆ 1/120. ಫೈಲಿನ ಒಳಗೇ ಪ್ರಿಂಟರಿನ ಹಲ್ಲುಚಕ್ರ ಕೂತಿದೆ ಅಲ್ವಾ! ಕಂಟ್ರೋಲ್-ವೈ ಕೂಡ ಹಾಗೇ, ಅದು ಮೊದಲು ರಿಬ್ಬನ್ನಿನ ಬಣ್ಣ ಬದಲಿಸುವ ಗುರುತು.

ಇನ್ನು ಬಿಳಿ ಗೆರೆ. 1989ರ ಇನ್ನೊಂದು ವರ್ಡ್ ಪ್ರೊಸೆಸರ್ ವರ್ಡ್‌ಪರ್ಫೆಕ್ಟ್ 5.1 ನಲ್ಲಿ ಪ್ರಿಂಟರ್ ಪೋರ್ಟಿನ ಜಾಗದಲ್ಲಿ ಫೈಲಿನ ಹೆಸರು ಕೊಡಬಹುದು, ಡ್ರೈವರ್ (ಪ್ರಿಂಟರಿಗೆ ಅದರ ಭಾಷೆಯಲ್ಲಿ ಆಜ್ಞೆ ಕೊಡುವ ತಂತ್ರಾಂಶ) ಕಳಿಸುವ ಬೈಟೆಲ್ಲ ಅದರೊಳಗೆ ಬೀಳುತ್ತದೆ. ಎಪ್ಸನ್ ಕಂಪನಿಯ ಒಂಬತ್ತು ಪಿನ್ನಿನ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನ (ಪಿನ್ನುಗಳು ರಿಬ್ಬನ್ನಿಗೆ ಬಡಿದು ಚುಕ್ಕಿ ಮೂಡಿಸುವಂಥದ್ದು) ಡ್ರೈವರ್ ಹಾಕಿ ಒಂದು ಚಿತ್ರವಿದ್ದ ಪುಟ ಹಿಡಿದೆ. ಇಲ್ಲಿನ ಆಜ್ಞೆಗಳು ಎಸ್ಕೇಪ್ ಎಂಬ ಬೈಟಿನಿಂದ ಶುರುವಾಗುತ್ತವೆ. ಬೋಲ್ಡಿಗೆ ಎಸ್ಕೇಪ್ ಇ, ನಿಲ್ಲಿಸಲು ಎಸ್ಕೇಪ್ ಎಫ್, ಇದೆಲ್ಲ ಸುಲಭ. ಚಿತ್ರಕ್ಕೆ ಎಸ್ಕೇಪ್ ಎಲ್, ಅದಾದ ಮೇಲೆ ಚಿತ್ರದ ಎಷ್ಟು ಬೈಟ್ ಬರುತ್ತದೆ ಅಂತ ಹೇಳುವ ಎರಡು ಬೈಟ್: 192 ಮತ್ತು 3 ಅಂದರೆ 192 + 3×256 = 960. ನಾನು ಮೊದಲನೆಯದನ್ನಷ್ಟೇ ಓದಿದ್ದೆ, ಉಳಿದ ಚಿತ್ರವೆಲ್ಲ ಅಕ್ಷರವಾಗಿ ಪುಟದ ಮೇಲೆ ಚೆಲ್ಲಿತು.

ಅದು ಸರಿಯಾದ ಮೇಲೂ ಚಿತ್ರದ ಪಟ್ಟಿಗಳ ನಡುವೆ ತೆಳ್ಳಗೆ ಬಿಳಿ ಗೆರೆ. ಪಟ್ಟಿ ಎಂಟು ಚುಕ್ಕಿ ಎತ್ತರ, ಚುಕ್ಕಿಗೆ 1/72 ಇಂಚು. ಪಟ್ಟಿ ಮುಗಿದ ಮೇಲೆ ಕಾಗದ ಎಷ್ಟು ಸರಿಯಬೇಕು ಅಂತ ಡ್ರೈವರ್ ಕಳಿಸಿದ್ದು ಎಸ್ಕೇಪ್ 3, 24. ಒಂಬತ್ತು ಪಿನ್ನಿನಲ್ಲಿ ಇದು 24/216, ಲೆಕ್ಕ ಹಾಕಿದರೆ ಸರಿಯಾಗಿ 8/72. ನಾನು ನೋಡುತ್ತಿದ್ದದ್ದು 24 ಪಿನ್ನಿನ ಕೈಪಿಡಿ, ಅಲ್ಲಿ ಅದೇ ಆಜ್ಞೆಗೆ 24/180. ಪ್ರತಿ ಪಟ್ಟಿಗೂ ಒಂದೂವರೆ ಚುಕ್ಕಿಯಷ್ಟು ಕಾಗದ ಜಾಸ್ತಿ ಸರಿಯುತ್ತಿತ್ತು, ನಾನು ಎರಡು ವಾರ ಚಿತ್ರದ ಕೋಡನ್ನು ಬೈಯುತ್ತಾ ಕೂತಿದ್ದೆ.

ವರ್ಡ್‌ಪರ್ಫೆಕ್ಟ್ ಫೈಲನ್ನೇ ನೇರವಾಗಿ ಓದುವುದು ಈಗಷ್ಟೇ ಶುರು. 195, 12, 195 ಅಂದರೆ ಬೋಲ್ಡ್ ಆರಂಭ, 196, 12, 196 ಅಂದರೆ ಮುಕ್ತಾಯ, ಅಷ್ಟು ಬರುತ್ತಿದೆ. ಟ್ಯಾಬು, ಅಡಿಟಿಪ್ಪಣಿ ಇನ್ನೂ ಮುಟ್ಟಿಲ್ಲ.